ಸುಣ್ಣದ ಬೊಟ್ಟು

ನನ್ನದು ಅನುಮಾನದ ಬುದ್ಧಿ. ಹಾಲಿನವಳು ಬಾಗಿಲಿಗೆ ಬಂದರೆ ಹಾಲಿಗಿಂತ ಮೊದಲು ಅವಳ ಅಳತೆಯ ಪಾವಿನ ತಳ ನೋಡುತ್ತಿದ್ದೆ. ಜಟಕಾದವನು ಹತ್ತಿರದ ದಾರಿ ಹಿಡಿದರೂ, ಇವನು ಇವತ್ತೇಕೆ ಹತ್ತಿರದ ದಾರಿ ಹಿಡಿದ ಎಂದು ಯೋಚನೆಗೆ ಬೀಳುತ್ತಿದ್ದೆ. "ನಿನ್ನ ಮುಂದೆ ದೇವರು ಪ್ರತ್ಯಕ್ಷ ಆದ್ರೂ, ಯಾವೂರು, ಯಾರ ಕಡೆಯೋರು ಅಂತ ಕೇಳ್ತೀಯ ಕಣೋ" ಎಂದು ನಮ್ಮಮ್ಮ ಹಂಗಿಸುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದನ್ನು ನಾನು ಬೇರೆಯವರಲ್ಲಿ ನೋಡಿ ಕಲಿಯಬೇಕಾಗಲಿಲ್ಲ. ಈ ಬುದ್ಧಿಯ ದೆಸೆಯಿಂದಲೇ ನನಗೆ ಮೊದಲ ಕೆಲಸ ಸಿಕ್ಕಿತು, ಇದರ ದೆಸೆಯಿಂದಲೇ ಇನ್ನೊಬ್ಬನ ಕಾಲು ಹೋಯಿತು. ಆ ಕಾಲಿನ ವಿಷಯವನ್ನು ಆಗ ಅಲ್ಲಿದ್ದವರನ್ನು ಬಿಟ್ಟರೆ ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಯುದ್ಧದ ಕಾಲ. ಹಲಸೂರು ಕೆರೆಯ ಹತ್ತಿರ ಮಿಲಿಟರಿಯವರಿಗಾಗಿ ದೊಡ್ಡ ದೊಡ್ಡ ಗೋದಾಮುಗಳು ಏಳುತ್ತಿದ್ದವು. ನನಗೆ ಇಪ್ಪತ್ತನಾಲ್ಕು ವಯಸ್ಸು, ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು, ಅಲ್ಲಿ ರೈಟರಾಗಿ ಸೇರಿಕೊಂಡೆ. ಸಾಮಾನು ಬಂದರೆ ನೋಡಿ ಇಳಿಸಿಕೊಳ್ಳುವುದು, ಕಾಯುವುದು, ಇದೇ ರೈಟರ ಕೆಲಸ. ದಿನಾ ಬೆಳಿಗ್ಗೆ ದೊಮ್ಮಲೂರಿನ ನಮ್ಮ ಮನೆಯಿಂದ ಹೊರಟು ರಾಗಿ ಹೊಲದ ಬದುಗಳ ಮೇಲೆ ನಡೆದು ಹೋಗುತ್ತಿದ್ದೆ. ಈಗ ಇಂದಿರಾನಗರ ಎನ್ನುವ ಜಾಗದಲ್ಲಿ ಆಗ ಹೊಲ, ಕಳ್ಳಿಬೇಲಿ, ಅಲ್ಲೊಂದು ಇಲ್ಲೊಂದು ಬಾವಿ. ಬೇಲಿಯ ಹಿಂದೆ ಯಾರಾದರೂ ಕೂತಿದ್ದರೆ ಏಕೆ ಕೂತಿದ್ದಾರೆ ಎಂದು ಗೊತ್ತಿದ್ದರೂ ಒಂದು ಸಲ ತಿರುಗಿ ನೋಡಿಯೇ ಮುಂದೆ ಹೋಗುತ್ತಿದ್ದೆ.

ಕಂಟ್ರಾಕ್ಟರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನವೇ ವಿಷಯ ಹೇಳಿಬಿಟ್ಟರು. ನನಗಿಂತ ಮುಂಚೆ ಇದ್ದ ರೈಟರ ಕಾಲದಲ್ಲಿ ಒಂದು ಗರ್ಡರು ಕಾಣೆಯಾಗಿತ್ತು. ಗರ್ಡರು ಎಂದರೆ ಗೋದಾಮಿನ ಚಾವಣಿ ಹೊರುವ ಉಕ್ಕಿನ ತೊಲೆ. ಎತ್ತಬೇಕಾದರೆ ಎಂಟು ಆಳು ಬೇಕು. ಅಂಥದ್ದೂ ಹೋಗಿತ್ತು, ಏಕೆಂದರೆ ಯುದ್ಧದಿಂದಾಗಿ ಉಕ್ಕು ಪೇಟೆಯಲ್ಲಿ ಸಿಗುತ್ತಲೇ ಇರಲಿಲ್ಲ. "ಒಳಗಿನೋರ ಕೈವಾಡ ಇಲ್ದೆ ಅಂಥ ವಸ್ತು ಹೋಗಲ್ಲ. ಕಣ್ಣಿಟ್ಟು ನೋಡು" ಎಂದರು. ನನಗೆ ಈ ಮಾತನ್ನು ಎರಡು ಸಲ ಹೇಳಬೇಕಾಗಿರಲಿಲ್ಲ.

ಗರ್ಡರುಗಳು ರೈಲಿನಲ್ಲಿ ದಂಡಿನ ಸ್ಟೇಷನ್ನಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು. ಪೆಟ್ರೋಲಿಗೆ ಆಗ ಬರ. ಲಾರಿಯ ಪಕ್ಕಕ್ಕೆ ತಗಡಿನ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಶಿವಾಜಿನಗರದ ಕಡೆಯ ಸಾಬರೊಬ್ಬರು ಡ್ರೈವರು. ಲಾರಿ ನಿಲ್ಲಿಸಿದ ಕೂಡಲೇ ಇಳಿದು ಒಲೆಯ ಬೂದಿ ಕೆದಕುತ್ತಾ, "ಜಲ್ದಿ ಮಾಡಿ ಭಾಯ್, ಬೆಂಕಿ ಆರಿದ್ರೆ ಮತ್ತೆ ಗಾಡಿ ಎಬ್ಬಿಸೋಕೆ ಒಂದು ಗಂಟೆ" ಎಂದು ಅವಸರ ಮಾಡುತ್ತಿದ್ದರು. ಈ ಅವಸರದ ಮೇಲೂ ನನಗೆ ಅನುಮಾನವಿತ್ತು.

ಇಳಿಸುವವರು ಹಲಸೂರಿನ ಒಂದು ಗುಂಪು, ಮೇಸ್ತ್ರಿಯೂ ಸೇರಿ ಹತ್ತು ಜನ. ತಮ್ಮತಮ್ಮಲ್ಲಿ ತಮಿಳು, ನನ್ನ ಜೊತೆ ಕನ್ನಡ. ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು, ಸಣಕಲು ಆಳು, ಸೊಂಟದಲ್ಲಿ ಸದಾ ಎಲೆಅಡಿಕೆಯ ಚೀಲ. ಅವನ ಕೈಕೆಳಗೆ ಎರಡನೆಯವನಾಗಿ ಇದ್ದವನು ಅವನ ಅಳಿಯ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬಲವಾದ ಮೈ, ಲಾರಿಯ ಮೇಲೆ ಗರ್ಡರಿಂದ ಗರ್ಡರಿಗೆ ಬರಿಗಾಲಲ್ಲಿ ದಾಟುತ್ತಿದ್ದ.

ಅವರ ಕೆಲಸದ ಕ್ರಮ ಹೀಗಿತ್ತು. ಲಾರಿಯನ್ನು ಮಟ್ಟವಾದ ನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಡುತ್ತಿದ್ದರು. ಒಂದು ಪಕ್ಕದ ಹಲಗೆ ಇಳಿಸಿ, ಆ ಕಡೆ ಎರಡು ಸರ್ವೆ ಕಂಬಗಳನ್ನು ಓರೆಯಾಗಿ ಆನಿಸುತ್ತಿದ್ದರು. ಗರ್ಡರಿನ ಎರಡೂ ತುದಿಗೆ ಹಗ್ಗ ಕಟ್ಟಿ, ಲಾರಿಯ ಆಚೆ ಬದಿಯಲ್ಲಿ ತುದಿಗೆ ನಾಲ್ಕು ಜನರಂತೆ ಹಗ್ಗ ಹಿಡಿದು ನಿಧಾನವಾಗಿ ಸಡಿಲ ಬಿಟ್ಟರೆ, ಅದು ಕಂಬಗಳ ಮೇಲೆ ಇಳಿದು ಬರುತ್ತಿತ್ತು. ಕಂಬದ ಕಡೆ ನರಪಿಳ್ಳೆಯೂ ನಿಲ್ಲುವಂತಿರಲಿಲ್ಲ. ಒಂದು ದಿನ ಕಂಟ್ರಾಕ್ಟರು ಚುರುಟು ಸೇದುತ್ತಾ ಅಲ್ಲಿ ನಿಂತಾಗ, ಅವರು ಸರಿಯುವ ತನಕ ಹತ್ತು ಜನವೂ ಹಗ್ಗ ಮುಟ್ಟಲಿಲ್ಲ.

ಇಷ್ಟು ನನಗೆ ಅರ್ಥವಾಗುತ್ತಿತ್ತು. ಅರ್ಥವಾಗದ್ದು ಅದಕ್ಕೆ ಮುಂಚೆ ಮೇಸ್ತ್ರಿ ಮಾಡುತ್ತಿದ್ದ ಕೆಲಸ. ಸರಪಳಿ ಬಿಚ್ಚುವ ಮೊದಲು ಅವನೊಬ್ಬನೇ ಲಾರಿ ಹತ್ತುತ್ತಿದ್ದ. ಸಣ್ಣ ಹಾರೆಯ ತುದಿಯಿಂದ ಒಂದೊಂದು ಗರ್ಡರನ್ನೂ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದ. ಆಮೇಲೆ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಉಂಗುರ ಬೆರಳಿನಿಂದ ಯಾವುದಾದರೂ ಒಂದು ಗರ್ಡರಿಗೆ ಸಣ್ಣದೊಂದು ಬೊಟ್ಟು ಇಡುತ್ತಿದ್ದ. ಕೆಲವು ಲಾರಿಗೆ ಬೊಟ್ಟೇ ಇಲ್ಲ, ಕೆಲವಕ್ಕೆ ಎರಡು.

"ಇದೇನು ಮೇಸ್ತ್ರಿ, ಗುರುತು?" ಎಂದು ಮೊದಲನೆಯ ವಾರವೇ ಕೇಳಿದೆ.

"ಆಮೇಲ್ ಹೇಳ್ತೀನಿ ರೈಟ್ರೇ" ಎಂದ.

ಆಮೇಲೆ ಹೇಳಲಿಲ್ಲ. ಮುಂದಿನ ಲಾರಿ ಬಂದಾಗ ಮತ್ತೆ ಕೇಳಿದೆ, ಅದೇ ಉತ್ತರ. ಮೂರನೆಯ ಸಲ ಲಾರಿಯ ಪಕ್ಕದಲ್ಲೇ ನಿಂತು ಸ್ವಲ್ಪ ಗಟ್ಟಿಯಾಗಿ, "ನೀವು ಗುರುತು ಹಾಕಿದ್ದು ಬಿದ್ದು ಗಿದ್ದು ಹೋದ್ರೆ ನಾನು ಉತ್ತರ ಹೇಳ್ಬೇಕು" ಎಂದೆ. ಹಗ್ಗ ಹಿಡಿದಿದ್ದವರೆಲ್ಲ ಹಗ್ಗ ಕೆಳಗೆ ಹಾಕಿದರು. ಇಬ್ಬರು ನೆಲಕ್ಕೆ ಉಗುಳಿದರು. ಮೇಸ್ತ್ರಿ ಲಾರಿಯಿಂದ ಇಳಿದು, ಹೋಗಿ ಬೇವಿನ ಮರದ ಕೆಳಗೆ ಕೂತ, ಉಳಿದವರೂ ಹೋಗಿ ಕೂತರು. ಅರ್ಧ ಗಂಟೆ ಯಾರೂ ಕೆಲಸ ಮುಟ್ಟಲಿಲ್ಲ. ಡ್ರೈವರು ನನ್ನ ಕಡೆ ನೋಡಿ ತಲೆ ಚಚ್ಚಿಕೊಂಡರು. ನಾನು ಏನು ತಪ್ಪು ಮಾಡಿದೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪ್ರಶ್ನೆ ಕೇಳಿದರೆ ಕೆಲಸ ನಿಲ್ಲಿಸುವವರ ಹೊಟ್ಟೆಯಲ್ಲಿ ಏನೋ ಇದೆ ಎಂದು ತೀರ್ಮಾನಿಸಿಕೊಂಡೆ.

ಆಮೇಲೆ ಕೇಳುವುದನ್ನು ಬಿಟ್ಟು ನೋಡುವುದಕ್ಕೆ ಶುರು ಮಾಡಿದೆ. ಅವರು ಇಳಿಸುವಾಗ ಕಣ್ಣು ಮಿಟುಕಿಸದೆ ನಿಲ್ಲುತ್ತಿದ್ದೆ. ಮಳೆ ಹನಿದರೂ ಕದಲುತ್ತಿರಲಿಲ್ಲ. ಹೀಗೆ ಎರಡು ತಿಂಗಳು ನೋಡಿ ಒಂದು ವಿಷಯ ಕಂಡುಹಿಡಿದೆ. ಬೊಟ್ಟು ಇಟ್ಟ ಗರ್ಡರು ಯಾವಾಗಲೂ ಕೊನೆಗೆ ಇಳಿಯುತ್ತಿತ್ತು. ಕೊನೆಗೆ ಇಳಿದದ್ದು ರಾಶಿಯ ಮೇಲ್ಗಡೆ ಇರುತ್ತದೆ. ಮೇಲಿರುವುದನ್ನು ಹೊತ್ತುಕೊಂಡು ಹೋಗುವುದು ಸುಲಭ. ರಾಶಿ ಹಾಕುತ್ತಿದ್ದ ಜಾಗವಾದರೋ ಬೀದಿ ಕಡೆಯ ಮುರುಕಲು ಗೋಡೆಯ ಪಕ್ಕದಲ್ಲಿ. ಇಷ್ಟು ಸೇರಿಸಿದ ಮೇಲೆ ನನಗೆ ಇನ್ನೇನು ಬೇಕು? ಹೋದ ರೈಟರ ಕಾಲದಲ್ಲಿ ಹೋದ ಗರ್ಡರಿಗೂ ಹೀಗೆಯೇ ಬೊಟ್ಟು ಇಟ್ಟಿದ್ದಿರಬೇಕು ಎನ್ನಿಸಿತು. ಎನ್ನಿಸಿತು ಏನು, ನಾನೇ ಕಣ್ಣಾರೆ ಕಂಡ ಹಾಗೆ ನಂಬಿಬಿಟ್ಟೆ.

ಮನೆಯಲ್ಲಿ ಅಮ್ಮನ ಹತ್ತಿರ ಹೇಳಿದೆ. ಅವಳು ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸದೆ, "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವ್ರನ್ನೇ ಕೇಳಬಾರ್ದಾ?" ಎಂದಳು.

"ಕೇಳಿದ್ದಾಯ್ತು, ಹೇಳಲ್ಲ."

"ಎಲ್ಲಿ ಕೇಳ್ದೆ?"

"ಲಾರಿ ಹತ್ರ."

"ಒಂದಿನ ಕೂತ್ಕೊಂಡು ಕೇಳು. ನಿಂತ್ಕೊಂಡು ಕೇಳಿದ್ರೆ ಅಮಲ್ದಾರ ಕೇಳ್ದಂಗಿರುತ್ತೆ" ಎಂದಳು. ಅವಳ ಮಾತಿಗೆ ನಾನು ಬೆಲೆ ಕೊಡಲಿಲ್ಲ. ಕಳ್ಳರ ಪಕ್ಕ ಕೂತು ಮಾತಾಡುವ ರೈಟರನ್ನು ಕಂಟ್ರಾಕ್ಟರು ಇಟ್ಟುಕೊಳ್ಳುತ್ತಾರೆಯೇ?

ಅವರನ್ನು ಹಿಡಿಯುವುದಕ್ಕೆ ಒಂದು ಉಪಾಯ ಹೂಡಿದೆ. ಮೇಸ್ತ್ರಿಯ ಬೊಟ್ಟನ್ನು ಒರೆಸಿ, ಬೇರೊಂದು ಗರ್ಡರಿಗೆ ನಾನೇ ಬೊಟ್ಟು ಇಡುವುದು. ನಾನು ಇಟ್ಟದ್ದು ಕೊನೆಗೆ ಇಳಿದು ರಾಶಿಯ ಮೇಲೆ ಕೂತರೆ, ಗುರುತಿಗೂ ರಾಶಿಗೂ ಸಂಬಂಧ ಇದೆ ಎಂದು ಸಾಬೀತಾಗುತ್ತದೆ. ಆಮೇಲೆ ಆ ಗರ್ಡರಿನ ಕಾವಲು ಕೂತರೆ ಬಂದವರು ಸಿಕ್ಕಿಬೀಳುತ್ತಾರೆ. ಈ ಉಪಾಯ ಹೊಳೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮುಂದಿನ ಲಾರಿ ಬಂದದ್ದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ. ದಾರಿಯಲ್ಲಿ ಎಲ್ಲೋ ಚರಂಡಿಗೆ ಚಕ್ರ ಇಳಿದು ಎದ್ದಿತ್ತಂತೆ, ಹೊರೆ ಒಂದು ಪಕ್ಕಕ್ಕೆ ವಾಲಿತ್ತು. ಮೇಸ್ತ್ರಿ ಲಾರಿ ಹತ್ತಿ ಅವತ್ತು ಬಹಳ ಹೊತ್ತು ತಟ್ಟಿದ. ಕಂಬದ ಕಡೆಯಿಂದ ಮೂರನೆಯ ಗರ್ಡರಿಗೆ ಬೊಟ್ಟು ಇಟ್ಟು ಇಳಿದ. ಅಳಿಯನೂ ಉಳಿದವರೂ ಆಗ ಸರ್ವೆ ಕಂಬ ತರಲು ಹೋಗಿದ್ದರು. ಡ್ರೈವರು ಒಲೆಯ ಕಡೆಗೆ ಬಗ್ಗಿದ್ದರು.

"ಮೇಸ್ತ್ರಿ, ಕಂಟ್ರಾಕ್ಟರು ಕರೀತಿದ್ದಾರೆ, ಆ ಕಡೆ ಗೇಟಿನ ಹತ್ರ" ಎಂದೆ. ಕಂಟ್ರಾಕ್ಟರು ಕರೆದಿರಲಿಲ್ಲ. ಅವರು ಅವತ್ತು ಸೈಟಿಗೆ ಬಂದೇ ಇರಲಿಲ್ಲ.

ಮೇಸ್ತ್ರಿ ಹೋಗುತ್ತಾ, ಕಂಬ ಹೊತ್ತು ಬರುತ್ತಿದ್ದ ಅಳಿಯನಿಗೆ, "ಬೊಟ್ಟು ಇಟ್ಟಿದೀನಿ, ನೋಡ್ಕೊಂಡು ಶುರು ಮಾಡಿ" ಎಂದು ಹೇಳಿ ಹೋದ.

ಅವರು ಕಂಬ ಇಳಿಸಿ ನೆಲ ಸರಿ ಮಾಡಿಕೊಳ್ಳುವಷ್ಟರಲ್ಲಿ ನಾನು ಲಾರಿ ಹತ್ತಿ ಇಳಿದೆ. ಒದ್ದೆ ಬಟ್ಟೆಯಿಂದ ಮೇಸ್ತ್ರಿಯ ಬೊಟ್ಟು ಒರೆಸಿದೆ. ಗಾರೆಗೆಂದು ಕಲಸಿಟ್ಟಿದ್ದ ಸುಣ್ಣವನ್ನು ಮೊದಲೇ ಒಂದು ಎಲೆಯಲ್ಲಿ ಇಟ್ಟುಕೊಂಡಿದ್ದೆ. ಅದರಲ್ಲಿ ಹೆಬ್ಬೆಟ್ಟು ಅದ್ದಿ, ಆಚೆ ತುದಿಯ ಒಂದು ಗರ್ಡರಿಗೆ ಒತ್ತಿದೆ. ಯಾರೂ ನೋಡಲಿಲ್ಲ. ಕೆಳಗೆ ಬಂದು ಎಂದಿನ ಜಾಗದಲ್ಲಿ ನಿಂತೆ. ಎದೆ ಹೊಡೆದುಕೊಳ್ಳುತ್ತಿತ್ತು, ಅದು ಹೆದರಿಕೆಯಿಂದಲ್ಲ, ಖುಷಿಯಿಂದ.

ಅಳಿಯ ಲಾರಿ ಹತ್ತಿದ. ಬೊಟ್ಟು ಎಲ್ಲಿದೆ ಎಂದು ನೋಡಿದ. ಆಚೆ ತುದಿಯಲ್ಲಿ ಕಂಡಿತು. ಒಂದು ಕ್ಷಣ ಹಾಗೇ ನಿಂತ, ವಾಲಿದ ಹೊರೆಯನ್ನೂ ಬೊಟ್ಟನ್ನೂ ನೋಡಿದ. ಅವನಿಗೂ ಏನೋ ಸರಿಕಾಣಲಿಲ್ಲ ಎಂದು ಈಗ ತಿಳಿಯುತ್ತದೆ. ಆದರೆ ಮಾವನ ಕಿವಿಯನ್ನು ಮೀರಿ ತನ್ನ ಕಣ್ಣನ್ನು ನಂಬುವ ಅಭ್ಯಾಸ ಅವನಿಗಿರಲಿಲ್ಲ. ಸರಪಳಿ ಬಿಚ್ಚಿಸಿದ. ಮೊದಲು ಅಂಚಿನ ಎರಡು ಗರ್ಡರು ಸರಿಯಾಗಿಯೇ ಇಳಿದವು. ಮೂರನೆಯದಕ್ಕೆ ಹಗ್ಗ ಹಾಕಿ, ಹಾರೆ ಕೊಟ್ಟು ಮೀಟಿದ.

ನಾನು ಮೊದಲು ಕೇಳಿದ್ದು ಕಬ್ಬಿಣ ಕಬ್ಬಿಣಕ್ಕೆ ತಗುಲಿದ ಸದ್ದು. ಹಿಂದಿದ್ದ ಗರ್ಡರುಗಳೆಲ್ಲ ಒಟ್ಟಿಗೆ ಈಚೆಗೆ ಬಂದವು. ಹಗ್ಗ ಹಿಡಿದಿದ್ದವರ ಕೈ ಸುಲಿದುಹೋಯಿತು. ಎರಡು ಗರ್ಡರು ಕಂಬಗಳನ್ನು ಮುರಿದುಕೊಂಡು ನೆಲಕ್ಕೆ ಬಂದು ಬಿದ್ದವು. ಆ ಕಡೆ ಯಾರೂ ನಿಂತಿರಲಿಲ್ಲ, ಅವರ ಕಟ್ಟುನಿಟ್ಟು ಅಷ್ಟು ಜನರನ್ನು ಉಳಿಸಿತು. ಅಳಿಯ ಹಿಂದಕ್ಕೆ ಹಾರಿದ. ಒಂದು ಕಾಲು ಪಾರಾಯಿತು, ಇನ್ನೊಂದು ಗರ್ಡರುಗಳ ನಡುವೆ ಉಳಿಯಿತು.

ಯಾರೂ ಕೂಗಾಡಲಿಲ್ಲ. ಹಾರೆ ಕೊಟ್ಟು ಎತ್ತಿ ಕಾಲು ಬಿಡಿಸಿದರು. ಒಬ್ಬ ತನ್ನ ತಲೆಯ ರುಮಾಲು ಬಿಚ್ಚಿ ಸುತ್ತಿದ. ಡ್ರೈವರು ಬೀದಿಗೆ ಓಡಿ ಜಟಕಾ ತಂದರು. ಸದ್ದು ಕೇಳಿ ಮೇಸ್ತ್ರಿ ಆ ಕಡೆಯ ಗೇಟಿನಿಂದ ಓಡುತ್ತಾ ಬಂದ. ಅರವತ್ತರ ಮುದುಕ ಹಾಗೆ ಓಡಿದ್ದನ್ನು ನಾನು ಆಮೇಲೆ ನೋಡಿಲ್ಲ. ಅಳಿಯನನ್ನು ಜಟಕಾದಲ್ಲಿ ಮಲಗಿಸಿ ಕಳಿಸಿದ ಮೇಲೆ, ತಾನು ಹಿಂದೆ ಉಳಿದು ಲಾರಿ ಹತ್ತಿದ. ಮೂರನೆಯ ಗರ್ಡರಿನ ಮೇಲೆ ಕೈಯಾಡಿಸಿದ, ತಾನಿಟ್ಟ ಬೊಟ್ಟು ಅಲ್ಲಿರಲಿಲ್ಲ. ಆಚೆ ತುದಿಗೆ ಹೋಗಿ ನನ್ನ ಬೊಟ್ಟಿನ ಮುಂದೆ ಕೂತ. ಅದನ್ನು ಬೆರಳಿಂದ ತೆಗೆದು ತಿಕ್ಕಿ ನೋಡಿದ. ಎಲೆಗೆ ಹಚ್ಚುವ ಸುಣ್ಣ ಬೆಣ್ಣೆಯಂತೆ ನುಣ್ಣಗಿರುತ್ತದೆ. ಗಾರೆಯ ಸುಣ್ಣದಲ್ಲಿ ಮರಳು ಇರುತ್ತದೆ.

ತಲೆ ಎತ್ತಿ ನನ್ನ ಕಡೆ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇನ್ನೂ ಯಾರೂ ಏನೂ ಅನ್ನುವ ಮೊದಲೇ ನಾನು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಿಸಿಕೊಂಡಿದ್ದೆ. ಅವನು ಅದನ್ನೂ ನೋಡಿದ. ಇಳಿದು ಆಸ್ಪತ್ರೆಗೆ ನಡೆದ.

ಸಾಯಂಕಾಲ ನಾನೂ ಆಸ್ಪತ್ರೆಗೆ ಹೋದೆ. ಏಕೆ ಹೋದೆ ಎಂದರೆ, ಅವರು ಏನು ಮಾತಾಡಿಕೊಳ್ಳುತ್ತಿದ್ದಾರೆ ಎಂದು ತಿಳಿಯುವುದಕ್ಕೆ. ಕೈಯಲ್ಲಿ ಎರಡು ಎಳನೀರು. ವರಾಂಡದಲ್ಲಿ ಮೇಸ್ತ್ರಿಯ ಮಗಳು ಗೋಡೆಗೆ ಒರಗಿ ಕೂತಿದ್ದಳು. ಕಾಲಿನ ಮುಂಭಾಗ ಉಳಿಯುವುದಿಲ್ಲ, ಹಿಮ್ಮಡಿ ಉಳಿಯಬಹುದು ಎಂದು ಡಾಕ್ಟರು ಹೇಳಿದ್ದರಂತೆ. ನಾನು ಯಾರೆಂದು ತಿಳಿದ ಮೇಲೆ ಎದ್ದು ನಿಂತಳು.

"ಅಪ್ಪ ಯಾವಾಗ್ಲೂ ನಿಮ್ಮ ಮಾತು ಹೇಳ್ತಿರುತ್ತೆ" ಎಂದಳು. "ಹೊಸ ರೈಟರು ಒಳ್ಳೆಯೋರು, ನಾವು ಇಳಿಸೋವಾಗ ಮಳೆ ಬಂದ್ರೂ ಕದಲಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾರೆ, ಹಿಂದಿನ ರೈಟರು ಟೆಂಟಲ್ಲೇ ಕೂತಿರ್ತಿದ್ದ ಅಂತ. ಅವರು ನಿಂತಿದ್ರೆ ನಮ್ಮೋರಿಗೆ ಧೈರ್ಯ ಅನ್ನುತ್ತೆ."

ಎರಡು ತಿಂಗಳು ಅವರನ್ನು ಕಳ್ಳರೆಂದು ಕಾದಿದ್ದೆ, ಅವರು ಅದನ್ನು ನನ್ನ ಅಕ್ಕರೆ ಎಂದುಕೊಂಡಿದ್ದರು. ಎಳನೀರು ಅವಳ ಕೈಗೆ ಕೊಟ್ಟು ಬಂದುಬಿಟ್ಟೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಹಾಗೆಂದು ನಿಜ ಹೇಳಿಬಿಡುತ್ತೇನೆ ಎಂದು ನಿರ್ಧಾರ ಮಾಡಿದೆನೇ? ಇಲ್ಲ. ಮೇಸ್ತ್ರಿ ನನ್ನ ಹೆಸರು ಹೇಳಿದರೆ ಏನೆಂದು ಅಲ್ಲಗಳೆಯಬೇಕು ಎಂದು ಮನೆ ಮುಟ್ಟುವ ತನಕ ಒಂದೊಂದೇ ಮಾತು ಜೋಡಿಸಿಕೊಂಡೆ.

ಮಾರನೆಯ ದಿನ ಕಂಟ್ರಾಕ್ಟರು ತಮ್ಮ ಟೆಂಟಿಗೆ ಮೇಸ್ತ್ರಿಯನ್ನೂ ನನ್ನನ್ನೂ ಕರೆಸಿದರು.

"ಯಾವುದು ಮೊದಲು, ಯಾವುದು ಕೊನೆಗೆ ಅಂತ ಗುರುತು ಹಾಕೋದು ಯಾರು?" ಎಂದು ಕೇಳಿದರು.

"ನಾನೇ ಸ್ವಾಮಿ" ಎಂದ ಮೇಸ್ತ್ರಿ.

"ನಿನ್ನೆ ಗುರುತು ತಪ್ಪಿತ್ತು ಅಂತಾರೆ ನಿನ್ನ ಆಳುಗಳು."

"ತಪ್ಪಿತ್ತು ಸ್ವಾಮಿ."

"ವಯಸ್ಸಾಯ್ತು ನಿನಗೆ. ಇವತ್ತು ಕಾಲು ಹೋಯ್ತು, ನಾಳೆ ತಲೆ ಹೋಗುತ್ತೆ. ನಾಳೆಯಿಂದ ನಿನ್ನ ಗುಂಪು ಬೇಡ, ಬೇರೆಯೋರನ್ನ ನೋಡ್ಕೊಳ್ತೀನಿ."

ಮೇಸ್ತ್ರಿ ಹೂಂ ಎಂದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಜೋಡಿಸಿಕೊಂಡು ಬಂದಿದ್ದ ಮಾತುಗಳಿಗೆ ಕೆಲಸವೇ ಇರಲಿಲ್ಲ. ನಾನು ಬದುಕಿಕೊಂಡಿದ್ದೆ, ಸುಮ್ಮನೆ ನಿಂತಿದ್ದರೆ ಸಾಕಿತ್ತು.

ಸುಮ್ಮನೆ ನಿಲ್ಲುವುದಕ್ಕೆ ಆಗಲಿಲ್ಲ. ಈ ಜಾಗದಲ್ಲಿ ನನ್ನ ಮನಸ್ಸು ಕರಗಿತು, ಆತ್ಮಸಾಕ್ಷಿ ಎಚ್ಚರವಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ನನಗೆ ಬಂದದ್ದು ಅನುಮಾನ. ಈ ಮುದುಕನಿಗೆ ಎಲ್ಲ ಗೊತ್ತಿದೆ, ಆದರೂ ಹೇಳುತ್ತಿಲ್ಲ. ಏಕೆ ಹೇಳುತ್ತಿಲ್ಲ? ಹೊರಗೆ ಉಳಿದ ಎಂಟು ಜನರ ಕಿವಿಗೆ ಹಾಕಿ ಕೆರೆ ಏರಿಯ ಮೇಲೆ ನನ್ನನ್ನು ಕಾಯಲು ನಿಲ್ಲಿಸಿದ್ದಾನೆಯೇ? ಪೊಲೀಸರಿಗೆ ಹೇಳಬೇಕೆಂದು ಇಲ್ಲಿ ಬಾಯಿ ಮುಚ್ಚಿಕೊಂಡಿದ್ದಾನೆಯೇ? ಮಗಳ ಗಂಡನ ಕಾಲು ಹೋಗಿ, ಗುಂಪಿನ ಅನ್ನ ಹೋಗುತ್ತಿರುವಾಗ ಸುಮ್ಮನಿರುವ ಮನುಷ್ಯ ಲೋಕದಲ್ಲಿ ಇರುವುದುಂಟೇ? ಆ ಮೌನದ ತಳ ನನಗೆ ಕಾಣಲಿಲ್ಲ. ತಳ ಕಾಣದ್ದನ್ನು ಸಹಿಸುವ ಶಕ್ತಿ ನನಗಿಲ್ಲ.

"ಬೊಟ್ಟು ಒರೆಸಿದ್ದು ನಾನು" ಎಂದುಬಿಟ್ಟೆ. "ಬೇರೆ ಕಡೆ ಇಟ್ಟಿದ್ದೂ ನಾನೇ. ನೀವು ಕರೀತೀರಿ ಅಂತ ಇವರನ್ನ ಕಳಿಸಿದ್ದೂ ಸುಳ್ಳು."

ಶುರುವಾದ ಮೇಲೆ ಪೂರ್ತಿ ಹೇಳಿದೆ. ಕಂಟ್ರಾಕ್ಟರು ಕೇಳಿಸಿಕೊಂಡು ಚುರುಟು ಆರಿಸಿದರು. ಕಡೆಗೆ ಮೇಸ್ತ್ರಿಯನ್ನು, "ನಿನಗೆ ಗೊತ್ತಿತ್ತೇನಯ್ಯ?" ಎಂದು ಕೇಳಿದರು.

"ಗೊತ್ತಿತ್ತು ಸ್ವಾಮಿ. ಹೇಳಿದ್ರೆ ನೀವು ಯಾರ ಮಾತು ನಂಬ್ತಿದ್ರಿ? ಓದಿದೋರ ಮೇಲೆ ಹೇಳಿ ಕೆಲಸ ಕಳಕೊಳ್ಳೋದಕ್ಕಿಂತ ಹೇಳ್ದೆ ಕಳಕೊಂಡ್ರೆ ಮರ್ಯಾದೆ ಉಳಿಯುತ್ತೆ."

ಕಂಟ್ರಾಕ್ಟರ ಮುಖ ಕೆಂಪಾಯಿತು. "ಇವನನ್ನ ಈಗಲೇ ಆಚೆ ಹಾಕ್ತೀನಿ" ಎಂದರು.

ಮೇಸ್ತ್ರಿ ಮೊದಲ ಸಲ ನನ್ನ ಮುಖ ನೋಡಿದ. "ಬೇಡ ಸ್ವಾಮಿ. ಇನ್ನೊಬ್ಬ ರೈಟರು ಬಂದ್ರೆ ಅವರಿಗೂ ಅನುಮಾನ ಬರುತ್ತೆ. ಇವರದ್ದು ಮುಗೀತು" ಎಂದ. ನನ್ನ ಕೆಲಸವೂ ಉಳಿಯಿತು, ಅವನ ಗುಂಪನ್ನು ಬಿಡಿಸುವ ಮಾತೂ ಅಲ್ಲಿಗೇ ನಿಂತಿತು.

ಅವತ್ತು ಮಧ್ಯಾಹ್ನ ಅವನು ನನ್ನನ್ನು ಕರೆದುಕೊಂಡು, ಲಾರಿ ನಿಲ್ಲುವ ಜಾಗ ಕಣ್ಣಿಗೆ ಕಾಣದಷ್ಟು ದೂರ, ಕೆರೆಯ ಏರಿಗೆ ಹೋದ. ಅಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲವನ್ನೂ ಹೇಳಿದ. ದಾರಿಯಲ್ಲಿ ಕುಲುಕಿ ಬಂದ ಹೊರೆಯಲ್ಲಿ ಯಾವುದೋ ಒಂದು ಗರ್ಡರು ಉಳಿದೆಲ್ಲದರ ಭಾರಕ್ಕೆ ಒಡ್ಡಿಕೊಂಡಿರುತ್ತದೆ. ಸಡಿಲವಾದದ್ದು ತಟ್ಟಿದರೆ ಗಣಗಣ ಎನ್ನುತ್ತದೆ, ಭಾರ ಹಿಡಿದದ್ದು ಮೊದ್ದಾಗಿ ಸದ್ದು ಕೊಡುತ್ತದೆ. ಅದಕ್ಕೆ ಬೊಟ್ಟು. ಅದನ್ನು ಮೇಲೆಯೇ ಬಿಟ್ಟು, ಬೆಣೆ ಹೊಡೆದು ಭದ್ರ ಮಾಡಿ, ಬೇರೆಯವನ್ನೆಲ್ಲ ಅದರ ಮೇಲಿಂದ ದಾಟಿಸಿ, ಕೊನೆಗೆ ಮುಟ್ಟಬೇಕು.

"ಇಷ್ಟೇನಾ? ಮೊದಲೇ ಹೇಳಬಾರದಿತ್ತಾ?" ಎಂದೆ.

"ಹೊರೆ ಇರೋ ಕಡೆ ಬೀಳೋದು, ಜಾರೋದು ಅನ್ನೋ ಮಾತು ನಾವು ಬಾಯಲ್ಲಿ ಆಡಲ್ಲ ರೈಟ್ರೇ. ಆಡಿದ್ರೆ ಆಗುತ್ತೆ ಅಂತ ನಮ್ಮ ಹಿರೀಕರು. ಅದಕ್ಕೇ ಬೊಟ್ಟು. ಅವತ್ತು ನೀವು ಅದೇ ಮಾತಾಡಿದ್ರಿ, ನಮ್ಮೋರು ಹಗ್ಗ ಬಿಟ್ರು. ಆಮೇಲೆ ಹೇಳ್ತೀನಿ ಅಂದಿದ್ದೆ. ನೀವು ಆಮೇಲೆ ಬರ್ಲಿಲ್ಲ. ಯಾವಾಗ್ಲೂ ಲಾರಿ ಹತ್ರನೇ ಕೇಳಿದ್ರಿ."

ನಿಜ. ಎರಡು ತಿಂಗಳಲ್ಲಿ ಲಾರಿಯಿಂದ ಆಚೆಗೆ ಅವನ ಜೊತೆ ನಾನು ಒಂದೇ ಒಂದು ಮಾತು ಆಡಿರಲಿಲ್ಲ. ಬೇವಿನ ಮರ ಮೂವತ್ತು ಹೆಜ್ಜೆ ದೂರದಲ್ಲಿತ್ತು. ಅವತ್ತು ಅವರೆಲ್ಲ ಹೋಗಿ ಅಲ್ಲಿ ಕೂತದ್ದು, ನಾನೂ ಬಂದು ಕೂತರೆ ಹೇಳೋಣ ಎಂದೇ ಇದ್ದಿರಬಹುದು. ಅದನ್ನು ಕೇಳುವ ಧೈರ್ಯವಾಗಲಿಲ್ಲ.

ಅಳಿಯ ಕೆಲಸಕ್ಕೆ ವಾಪಸು ಬಂದದ್ದು ಆರು ತಿಂಗಳ ಮೇಲೆ, ಕೋಲು ಊರಿಕೊಂಡು. ಕಾಲಿನ ಮುಂಭಾಗ ಇರಲಿಲ್ಲ. ಹಗ್ಗ ಹಿಡಿಯಲಾಗದವನಿಗೆ ಮೇಸ್ತ್ರಿ ತಟ್ಟಿ ಕೇಳುವ ಕೆಲಸ ಕಲಿಸಿದ. ಮೊದಲ ದಿನ ಅವನು ಬೊಟ್ಟು ಇಟ್ಟು ಇಳಿದು, ನನ್ನ ಮುಂದೆ ಬಂದು ನಿಂತ.

"ಕೈ ತೋರ್ಸಿ ರೈಟ್ರೇ."

ತೋರಿಸಿದೆ. ಎರಡೂ ಅಂಗೈ, ಹತ್ತೂ ಬೆರಳು. ಹೆಬ್ಬೆಟ್ಟನ್ನು ಹಿಡಿದು ತಿರುಗಿಸಿ ಉಗುರಿನ ಸಂದಿ ನೋಡಿದ. ಆಮೇಲೆ ಹಗ್ಗದವರಿಗೆ ಕೈಸನ್ನೆ ಮಾಡಿದ. ಇದು ಒಂದು ದಿನದ ಮಾತಾಗಲಿಲ್ಲ, ಪ್ರತಿ ಲಾರಿಗೂ ಹೀಗೆಯೇ ಆಯಿತು. ಮೊದಮೊದಲು ನನಗೆ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು. ನಾನು ಊರನ್ನೆಲ್ಲ ಅನುಮಾನಿಸಿದ್ದೆ, ಕಾರಣವಿಲ್ಲದೆ. ಅವನು ನನ್ನೊಬ್ಬನನ್ನು ಅನುಮಾನಿಸುತ್ತಿದ್ದ, ಅವನಿಗೆ ಕಾರಣವಿತ್ತು. ನನ್ನೊಬ್ಬನನ್ನೇ ನಿಲ್ಲಿಸುವುದು ಮೇಸ್ತ್ರಿಗೆ ಸರಿಕಾಣಲಿಲ್ಲವೋ ಏನೋ, ಡ್ರೈವರ ಕೈಯನ್ನೂ ನೋಡಿಸಿದ. ಒಂದು ದಿನ ಕಂಟ್ರಾಕ್ಟರೂ ಚುರುಟು ಬಾಯಲ್ಲಿಟ್ಟುಕೊಂಡು ಎರಡು ಕೈ ಚಾಚಿದರು. ಎರಡು ವರ್ಷದ ಮೇಲೆ ಕುಕ್ ಟೌನಿನ ಒಂದು ಕಟ್ಟಡಕ್ಕೆ ಹೋಗಿದ್ದಾಗ, ಅಲ್ಲಿಯ ಗುಂಪಿನವರೂ ಸರಪಳಿ ಬಿಚ್ಚುವ ಮುಂಚೆ ಓವರ್‌ಸಿಯರ ಕೈ ನೋಡಿದರು. ಇದೇನೆಂದು ಕೇಳಿದೆ. "ತಾತನ ಕಾಲದಿಂದ ಬಂದಿದ್ದು ಸ್ವಾಮಿ" ಎಂದರು. ನಾನು ಹೌದೇ ಎಂದೆ.

ಯುದ್ಧ ಮುಗಿದು ಹಲಸೂರಿನ ಕೆಲಸಕ್ಕೆ ಕೊನೆಯ ಲಾರಿ ಬಂತು. ಮೇಸ್ತ್ರಿ ಆಗ ಮನೆಯಲ್ಲೇ ಇರುತ್ತಿದ್ದ, ಗುಂಪು ಅಳಿಯನದಾಗಿತ್ತು. ಅವನು ಲಾರಿಯ ಮೇಲೆ ತಟ್ಟಿ ನೋಡಿ ಬೊಟ್ಟು ಇಟ್ಟ. ನಾನು ಅಭ್ಯಾಸದಂತೆ ಕೆಳಗೆ ಎರಡು ಕೈ ಚಾಚಿ ನಿಂತಿದ್ದೆ. ಅವನ ಕೋಲು ಲಾರಿಯಿಂದ ಕೆಳಕ್ಕೆ ಉರುಳಿತ್ತು. ಅವನು ನನ್ನ ಕೈಗಳನ್ನು ನೋಡಲಿಲ್ಲ. ಬಲಗೈಯನ್ನು ಹಿಡಿದುಕೊಂಡ, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಅರ್ಧ ಕಾಲನ್ನು ಮೊದಲು ಊರಿ ಇಳಿದ. "ಶುರು ಮಾಡಿ" ಎಂದು ಹಗ್ಗದವರಿಗೆ ಹೇಳಿ, ಕೋಲು ಎತ್ತಿಕೊಂಡು ಆಚೆ ಹೋದ.

ಅದು ಕ್ಷಮೆಯೋ, ಕಾಲಿಲ್ಲದವನಿಗೆ ಬೇಕಾದ ಆಸರೆಯೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಎಷ್ಟೋ ಸಲ ಅವನನ್ನು ಎಲ್ಲಾದರೂ ಕೂರಿಸಿಕೊಂಡು ಕ್ಷಮಿಸಿದೆಯಾ ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಅವತ್ತು ಅವನು ಬಿಟ್ಟ ಮೇಲೆ ಕೈ ನೋಡಿಕೊಂಡೆ, ಅವನ ಬೆರಳಿನ ಸುಣ್ಣ ನನ್ನ ಹೆಬ್ಬೆಟ್ಟಿಗೆ ಹತ್ತಿತ್ತು. ಒರೆಸಿಕೊಳ್ಳಲಿಲ್ಲ. ದೊಮ್ಮಲೂರಿನ ತನಕ ಹಾಗೆಯೇ ನಡೆದು ಬಂದೆ. ಅಮ್ಮ ಬಾಗಿಲಲ್ಲೇ ನನ್ನ ಕೈ ನೋಡಿ, ಆಮೇಲೆ ನನ್ನ ಬಾಯಿ ನೋಡಿ, "ಎಲೆಅಡಿಕೆ ಶುರು ಮಾಡ್ಕೊಂಡ್ಯೇನೋ?" ಎಂದು ಕೇಳಿದಳು. ಇಲ್ಲಮ್ಮ ಎಂದೆ, ಅವಳು ನಂಬಲಿಲ್ಲ. ತಟ್ಟೆ ಹಾಕಿದ್ದಳು. ಊಟಕ್ಕೆ ಕೈ ತೊಳೆಯಲೇಬೇಕಿತ್ತು, ತೊಳೆದೆ.